ಸೆನ್ ಠಾಣೆಗೆ ಇನ್ಸ್‌ಪೆಕ್ಟರ್ ಎಷ್ಟು ಮಂದಿ?

ಪೊಲೀಸ್ ಇಲಾಖೆಯಲ್ಲಿ ಹೊಸ ಪಡೆ, ಹೊಸ ವಿಭಾಗ ಅಂತ ಸುದ್ದಿ ಬಂದಾಗಲೆಲ್ಲ ನಾನು ಹುಡುಕೋದು ಒಂದೇ ಸಾಲನ್ನು: ಸಿಬ್ಬಂದಿ ಎಲ್ಲಿಂದ? ಹುದ್ದೆಗಳನ್ನು ಹೊಸದಾಗಿ ಮಂಜೂರು ಮಾಡಿದ್ದಾರಾ, ಇಲ್ಲಾ ಇರೋ ಠಾಣೆಗಳಿಂದಲೇ ಓಓಡಿ (ಬೇರೆ ಕಡೆ ತಾತ್ಕಾಲಿಕ ಕರ್ತವ್ಯ) ಹಾಕಿ ಎಳೆದುಕೊಳ್ತಾರಾ? ಆ ಸಾಲು ಸುದ್ದಿಯಲ್ಲಿ ಇರೋದೇ ಅಪರೂಪ. ಉದ್ಘಾಟನೆಯ ಫೋಟೋ ಮಾತ್ರ ತಪ್ಪದೆ ಇರುತ್ತೆ.

ಬೆಂಗಳೂರಿನ ಸೈಬರ್ ಪೊಲೀಸರ ಕಥೆ ನೋಡಿ. ದೇಶದ ಮೊದಲ ಸೈಬರ್ ಠಾಣೆ 2001ರಲ್ಲಿ ಶುರುವಾಗಿದ್ದು ಇಲ್ಲೇ, ಸಿಐಡಿ ಅಡಿಯಲ್ಲಿ. ಆಮೇಲೆ ನಗರ ಪೊಲೀಸರಿಗೂ ಒಂದು ಸೈಬರ್ ಠಾಣೆ ಆಯ್ತು. ಇಡೀ ಊರಿಗೆ ಒಂದೇ! 2019ರ ಕೊನೆಗೆ ಅಲ್ಲಿನ ಎಫ್‌ಐಆರ್ ಸಂಖ್ಯೆ ಹತ್ತು ಸಾವಿರದ ಹತ್ತಿರ ಬಂದು ನಿಂತಿತು, ಸಾಫ್ಟ್‌ವೇರ್ ಅದರಾಚೆಗೆ ಹೋಗಲ್ಲ ಅಂತ ಹೊಸ ಎಫ್‌ಐಆರ್ ದಾಖಲಾಗೋದೇ ನಿಂತಿತು. ಐಟಿ ರಾಜಧಾನಿ ಅಂತ ಎದೆ ತಟ್ಟಿಕೊಳ್ಳೋ ಊರಲ್ಲಿ! ಆಮೇಲೆ ಎಂಟು ವಿಭಾಗಕ್ಕೂ ಒಂದೊಂದು ಸೆನ್ ಠಾಣೆ ಬಂತು. ಸೈಬರ್, ಆರ್ಥಿಕ ಅಪರಾಧ, ಮಾದಕ ವಸ್ತು, ಮೂರೂ ಒಂದೇ ಸೂರಿನಡಿ. ದೂರು ಕೊಡೋರಿಗೆ ದಾರಿ ಹತ್ತಿರವಾಯ್ತು, ಅದು ಒಳ್ಳೆಯದೇ.

ಆದರೆ ಗಂಟು ಇರೋದು ಬೇರೆ ಕಡೆ. ಐಟಿ ಕಾಯ್ದೆಯ 78ನೇ ಕಲಂ ಪ್ರಕಾರ ಈ ಕೇಸುಗಳ ತನಿಖೆಯನ್ನು ಇನ್ಸ್‌ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡೋ ಹಾಗಿಲ್ಲ. ಪಿಎಸ್‌ಐ, ಎಎಸ್‌ಐ ಎಷ್ಟೇ ಚುರುಕಾಗಿದ್ರೂ ತನಿಖಾಧಿಕಾರಿ ಆಗೋಕೆ ಬರಲ್ಲ. 2023ರಲ್ಲಿ ನಗರದಲ್ಲಿ ದಾಖಲಾದ ಸೈಬರ್ ಪ್ರಕರಣಗಳು 17 ಸಾವಿರಕ್ಕೂ ಹೆಚ್ಚು. ಅದನ್ನು ಇರೋ ಬೆರಳೆಣಿಕೆ ಇನ್ಸ್‌ಪೆಕ್ಟರ್‌ಗಳಿಗೆ ಹಂಚಿ ನೋಡಿ. ಬ್ಯಾಂಕಿಗೆ ನೋಟಿಸ್ ಬರೆಯಬೇಕು, ಸಿಡಿಆರ್ (ಫೋನ್ ಕರೆಗಳ ವಿವರ) ತರಿಸಬೇಕು, ಖಾತೆ ಫ್ರೀಜ್ ಮಾಡಿಸಬೇಕು, ಆರೋಪಿಯನ್ನು ಹುಡುಕಿಕೊಂಡು ರಾಜಸ್ಥಾನಕ್ಕೋ ಜಾರ್ಖಂಡಿಗೋ ಟೀಂ ಕಳಿಸಬೇಕು. ನಡುವೆ ಗಣೇಶ ವಿಸರ್ಜನೆ, ರಾಜಕೀಯ ಸಮಾವೇಶ ಅಂತ ಬಂದೋಬಸ್ತಿಗೂ ಹೋಗಬೇಕು. ದುಡ್ಡು ಹೋದ ಮೊದಲ ಗಂಟೆಯಲ್ಲೇ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಂತ ನಮಗೆ ಹೇಳ್ತಾರೆ. ಮಾಡಿದೆವು ಅಂತಲೇ ಇಟ್ಕೊಳ್ಳಿ. ಆಮೇಲಿನ ತನಿಖೆ ಯಾರ ಮೇಜಿನ ಮೇಲೆ, ಎಷ್ಟನೇ ಫೈಲಿನ ಕೆಳಗೆ?

ಇದಕ್ಕೆ ಪಿಎಸ್‌ಐ ನೇಮಕಾತಿಯ ಕಥೆಯೂ ಸೇರಿಕೊಳ್ತು. 545 ಹುದ್ದೆಗೆ 2021ರಲ್ಲಿ ನಡೆದ ಪರೀಕ್ಷೆ ಅಕ್ರಮದಿಂದಾಗಿ ರದ್ದಾಗಿ, ಮರುಪರೀಕ್ಷೆ ನಡೆದಿದ್ದು 2024ರ ಜನವರಿಯಲ್ಲಿ. ಇಂದಿನ ಪಿಎಸ್‌ಐ ತಾನೇ ನಾಳೆಯ ಇನ್ಸ್‌ಪೆಕ್ಟರ್? ಪ್ರಾಮಾಣಿಕವಾಗಿ ಓದಿ ಪಾಸಾದ ಹುಡುಗರ ವಯಸ್ಸೂ ಹೋಯ್ತು, ಇಲಾಖೆಯ ವರ್ಷಗಳೂ ಹೋದವು.

ಎಲ್ಲ ಪುನರ್‌ರಚನೆಯೂ ದಂಡ ಅಂತ ನಾನು ಹೇಳಲ್ಲ. 2025ರಲ್ಲಿ ಕರಾವಳಿಗೆ ವಿಶೇಷ ಕಾರ್ಯಪಡೆ ಮಾಡಿದಾಗ ನಕ್ಸಲ್ ನಿಗ್ರಹ ಪಡೆಯಿಂದ 248 ಮಂದಿಯನ್ನು ತೆಗೆದುಕೊಂಡರು. ನಕ್ಸಲರ ಶರಣಾಗತಿ ಆದಮೇಲೆ ಆ ಪಡೆಗೆ ಹಿಂದಿನಷ್ಟು ಕೆಲಸ ಉಳಿದಿರಲಿಲ್ಲ, ಹಾಗಾಗಿ ಯಾವ ಠಾಣೆಯೂ ಬರಿದಾಗಲಿಲ್ಲ. ಕಾಡಿನಲ್ಲಿ ಕೂಂಬಿಂಗ್ ಮಾಡಿದವರು ಕೋಮು ಗಲಭೆ ತಡೆಯೋಕೆ ಎಷ್ಟು ಒಗ್ಗುತ್ತಾರೆ ಅನ್ನೋದು ಬೇರೆ ಚರ್ಚೆ. ಜನ ಎಲ್ಲಿಂದ ಅನ್ನೋ ಪ್ರಶ್ನೆಗೆ ಉತ್ತರವಂತೂ ಇತ್ತು.

ಅದೇ ವರ್ಷ ಡಿಜಿಪಿ ದರ್ಜೆಯ ಅಧಿಕಾರಿಯ ಕೈಕೆಳಗೆ ಸೈಬರ್ ಕಮಾಂಡ್ ಬಂತು. ತಲೆ ಗಟ್ಟಿಯಾಯ್ತು ಸರಿ, ಕೈಕಾಲು? ನನ್ನ ಪ್ರಕಾರ ಆಗಬೇಕಾದ್ದು ಇಷ್ಟು: ಸೆನ್ ಠಾಣೆಗಳಿಗೆ ಕೇಸಿನ ಲೆಕ್ಕದಲ್ಲಿ ಇನ್ಸ್‌ಪೆಕ್ಟರ್ ಹುದ್ದೆ ಮಂಜೂರು ಮಾಡಿ, ಆ ಸಿಬ್ಬಂದಿಯನ್ನು ಬಂದೋಬಸ್ತಿನಿಂದ ಹೊರಗಿಡಿ. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಅವಧಿ ಇರಬೇಕು ಅಂತ ಸುಪ್ರೀಂ ಕೋರ್ಟ್ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು 2006ರಲ್ಲಿ. ಹಣದ ಜಾಡು ಹಿಡಿಯೋದು ಕಲಿತ ಕಾನ್‌ಸ್ಟೇಬಲ್‌ಗೂ ಅದೇ ನಿಯಮ ಅನ್ವಯಿಸಲಿ. ಕಲಿತ ಆರು ತಿಂಗಳಿಗೆ ಅವನನ್ನು ಟ್ರಾಫಿಕ್‌ಗೆ ಹಾಕೋದಾದ್ರೆ ತರಬೇತಿಯ ಖರ್ಚಾದ್ರೂ ಯಾಕೆ? ಇನ್ನು 78ನೇ ಕಲಂ ಕೇಂದ್ರದ ಕಾಯ್ದೆ. ಅನುಭವಿ ಪಿಎಸ್‌ಐಗಳಿಗೂ ತನಿಖೆಯ ಅಧಿಕಾರ ಕೊಡಿ ಅಂತ ರಾಜ್ಯ ಪತ್ರ ಬರೆದು ಬೆನ್ನು ಹತ್ತಬೇಕು. ಮುಂದಿನ ಬಜೆಟ್‌ನಲ್ಲಿ ಸರ್ಕಾರ ಹೊಸ ಪಡೆಯ ಹೆಸರು ಹೇಳಿದಾಗ, ನಿಮ್ಮ ಶಾಸಕರ ಹತ್ತಿರ ಹುದ್ದೆ ಮಂಜೂರಾತಿಯ ಆದೇಶ ಎಲ್ಲಿ ಅಂತ ಕೇಳಿ.