ಎಡಗೈ ಟೆನೆಸೀಯಲ್ಲಿ, ಬಲಗೈ ವರ್ಜೀನಿಯಾದಲ್ಲಿ

ಲಕ್ವ ಹೊಡೆದವರಂಥವರಿಗೆ ಉಣ್ಣುವುದು, ಅಂಗಿ ಹಾಕುವುದು ಇಂಥ ದಿನದ ಕೆಲಸಗಳನ್ನು ಮತ್ತೆ ಕಲಿಸುವ ಚಿಕಿತ್ಸೆ ಒಕ್ಯುಪೇಷನಲ್ ಥೆರಪಿ. ಒಂದು ರಾಜ್ಯದ ಲೈಸೆನ್ಸ್ ಇದ್ದವರು ಇನ್ನೊಂದು ರಾಜ್ಯದಲ್ಲೂ ಈ ಕೆಲಸ ಮಾಡಲಿ ಅಂತ ಅಮೆರಿಕದ ರಾಜ್ಯಗಳು ಮಾಡಿಕೊಂಡ ಒಪ್ಪಂದ 2025ರಲ್ಲಿ ಶುರುವಾಗುತ್ತದೆ ಅಂತ 2024ರ ಕೊನೆಗೆ ಹೇಳಿದರು. ಬಹಳ ಸಂತೋಷ. ಮಣಿಪಾಲದಲ್ಲಿ ಓದಿ ಅಲ್ಲಿಗೆ ಹೋದ ನಮ್ಮ ಹುಡುಗ ಹುಡುಗಿಯರಿಗೆ ಈ ಕಥೆ ಬಾಯಿಪಾಠ, ಆದರೂ ಒಮ್ಮೆ ಪಾರಾಯಣ ಮಾಡೋಣ. 2021ರಲ್ಲಿ ವರ್ಜೀನಿಯಾ ಎಲ್ಲರಿಗಿಂತ ಮೊದಲು ಕಾನೂನು ಮಾಡಿತು. ಹತ್ತು ರಾಜ್ಯ ಸೇರಿದರೆ ಒಪ್ಪಂದ ಜಾರಿ ಅಂದರು. 2022ರಲ್ಲಿ ಹತ್ತೂ ಆಯಿತು. ಒಪ್ಪಂದ ನಡೆಸಲು ಕಮಿಷನ್ ಬಂತು, ಕಮಿಷನ್ನಿಗೆ ಸಭೆ ಬಂತು, ಸಭೆಗೆ ಸಮಿತಿಗಳು ಬಂದವು. ಸೇರಿದ ರಾಜ್ಯಗಳು ಮೂವತ್ತರ ಆಸುಪಾಸಿಗೆ ಹೋದವು. 2024ರ ಡಿಸೆಂಬರ್ ಬಂತು. ಅಲ್ಲಿಯ ತನಕ ಈ ಒಪ್ಪಂದದ ಬಲದಿಂದ ಪಕ್ಕದ ರಾಜ್ಯದಲ್ಲಿ ಕೆಲಸ ಮಾಡುವ ಅನುಮತಿ ಪಡೆದ ಥೆರಪಿಸ್ಟುಗಳ ಸಂಖ್ಯೆ ಸೊನ್ನೆ.

ಸೊನ್ನೆ ಅಂತ ಹಗುರವಾಗಿ ಮಾತಾಡಬಾರದು. ಮೂವತ್ತು ಕಡೆ ಶಾಸಕರು ಕೂತು, ಚರ್ಚೆ ಮಾಡಿ, ಕೈ ಎತ್ತಿ, ಗವರ್ನರ್ ಹತ್ತಿರ ಸಹಿ ಹಾಕಿಸಿ ಸಂಪಾದಿಸಿದ ಸೊನ್ನೆ ಅದು.

ಬ್ರಿಸ್ಟಲ್ ಅಂತ ಒಂದು ಊರಿದೆ. ಅರ್ಧ ವರ್ಜೀನಿಯಾ, ಅರ್ಧ ಟೆನೆಸೀ. ನಡುವೆ ಸ್ಟೇಟ್ ಸ್ಟ್ರೀಟ್ ಅನ್ನುವ ಬೀದಿ. ಬೀದಿಯ ಮಧ್ಯದಲ್ಲಿ ಹಿತ್ತಾಳೆಯ ಗುರುತುಗಳನ್ನು ನೆಟ್ಟಿದ್ದಾರೆ, ಅದೇ ಗಡಿ. ಊರು ಒಂದೇ ಥರ ಕಂಡರೂ ಮೇಯರ್ ಇಬ್ಬರು, ಪೊಲೀಸು ಎರಡು, ಶಾಲೆಗಳ ಆಡಳಿತ ಎರಡು. ಲೈಬ್ರರಿ ಮಾತ್ರ ಇಬ್ಬರಿಗೂ ಸೇರಿ ಒಂದು. ಪುಸ್ತಕ ಓದುವವರು ಕಡಿಮೆ ಅಂತ ಎಲ್ಲ ಕಡೆ ಗೊತ್ತಿರುವುದೇ, ಎರಡು ಯಾಕೆ ಸುಮ್ನೆ. ಬೀದಿಯ ಮೇಲೆ ದೊಡ್ಡದೊಂದು ದೀಪದ ಬೋರ್ಡು, ಇದು ಬಾಳಲು ಒಳ್ಳೆಯ ಜಾಗ ಅಂತ. ಒಪ್ಪಂದಕ್ಕೆ ಮೊದಲು ಬಂದ ವರ್ಜೀನಿಯಾ ಬೀದಿಯ ಈಚೆ. ಹಿಂದೆಯೇ ಸೇರಿದ ಟೆನೆಸೀ ಆಚೆ.

ಈ ಬೀದಿಯಲ್ಲಿ 2021ರ ಜುಲೈ 1 ದೊಡ್ಡ ದಿನ. ಅವತ್ತಿನಿಂದ ಉತ್ತರದ ಫುಟ್‌ಪಾತ್ ಮೇಲೆ ಜೇಬಿನಲ್ಲಿ ಸ್ವಲ್ಪ ಗಾಂಜಾ ಇಟ್ಟುಕೊಂಡರೆ ಕೇಸಿಲ್ಲ, ವರ್ಜೀನಿಯಾ ಬಿಟ್ಟುಕೊಟ್ಟಿತು. ಅವತ್ತಿನಿಂದಲೇ ದಕ್ಷಿಣದ ಫುಟ್‌ಪಾತ್ ಮೇಲೆ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡಲು ಪರ್ಮಿಟ್ ಬೇಡ, ಟೆನೆಸೀ ಬಿಟ್ಟುಕೊಟ್ಟಿತು. ಎಂಥ ಉದಾರ ಮನಸ್ಸುಗಳು! ಅದೇ ಬೀದಿಯನ್ನು ದಪ್ಪ ಹಿಡಿಯ ಚಮಚ ಹಿಡಿದು ಒಬ್ಬ ಥೆರಪಿಸ್ಟ್ ದಾಟಿ, ಲಕ್ವ ಹೊಡೆದವರಿಗೆ ಊಟ ಮಾಡುವುದನ್ನು ಕಲಿಸಿದರೆ ಮಾತ್ರ ಲೈಸೆನ್ಸ್ ಎಲ್ಲಿ ಅಂತ ಕೇಳುತ್ತಿದ್ದರು. ಆಚೆಯದು ತೋರಿಸಿದರೆ ನಡೆಯುತ್ತಿರಲಿಲ್ಲ, ಈಚೆಯದು ಬೇಕಿತ್ತು. ಗಾಡಿ ಓಡಿಸುವ ಲೈಸೆನ್ಸ್ ಮಾತ್ರ ದೇಶಪೂರ್ತಿ ನಡೆಯುತ್ತದೆ. ಗುದ್ದಿಕೊಂಡು ಬರಲು ಅಡ್ಡಿಯಿಲ್ಲ, ಗುದ್ದಿಸಿಕೊಂಡವರ ಕೈ ಸರಿಮಾಡಲು ಅಡ್ಡಿ.

ಥೆರಪಿಸ್ಟ್ ಮಾಡುವ ಕೆಲಸ ಏನು ಅಂತ ನೋಡಿದವರಿಗೆ ಗೊತ್ತು. ಎಡಗೈ ಸೋತವರಿಗೆ ಅಂಗಿ ಹಾಕುವುದಕ್ಕೆ ಒಂದು ಕ್ರಮ ಇದೆ. ಸೋತ ಕೈಯನ್ನು ಮೊದಲು ತೋಳಿಗೆ ತೂರಿಸಬೇಕು, ಭುಜದ ತನಕ ಎಳೆದುಕೊಳ್ಳಬೇಕು, ಆಮೇಲೆ ಒಳ್ಳೆಯ ಕೈ. ಬಿಚ್ಚುವಾಗ ಉಲ್ಟಾ. ಕೇಳಲು ಸುಲಭ. ಎಪ್ಪತ್ತು ವರ್ಷ ತಾನೇ ಅಂಗಿ ಹಾಕಿಕೊಂಡ ಮನುಷ್ಯ ಆ ಎಡತೋಳಿನ ಬಾಯಿ ಹುಡುಕುತ್ತ ಬೆವರುವುದನ್ನು ನೋಡಬೇಕು.

ಈಗ ನಮ್ಮ ರಾಯರೊಬ್ಬರು ಬ್ರಿಸ್ಟಲ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ ಅಂದುಕೊಳ್ಳಿ. ರೋಗಿ ಎಲ್ಲಿ ಕೂತಿದ್ದಾನೋ ಆ ರಾಜ್ಯದ ಲೈಸೆನ್ಸ್ ಬೇಕು, ಕಾನೂನು ಅದು. ರಾಯರ ಕುರ್ಚಿಯನ್ನು ತಂದು ಸ್ಟೇಟ್ ಸ್ಟ್ರೀಟ್ ನಡುಮಧ್ಯೆ ಹಿತ್ತಾಳೆ ಗುರುತಿನ ಮೇಲೆ, ಪಶ್ಚಿಮಕ್ಕೆ ಮುಖ ಮಾಡಿ ಹಾಕೋಣ. ಬಲಗೈ ವರ್ಜೀನಿಯಾದಲ್ಲಿ, ಅದಕ್ಕೆ ಏನೂ ಆಗಿಲ್ಲ. ಸೋತ ಎಡಗೈ ಟೆನೆಸೀಯಲ್ಲಿ. ಥೆರಪಿಸ್ಟ್ ಹುಡುಗಿಯ ಲೈಸೆನ್ಸ್ ವರ್ಜೀನಿಯಾದ್ದು.

“ಅಂಕಲ್, ಮೊದಲು ಎಡಗೈ ಹಾಕಿ.”

“ಎಲ್ಲಿಗಮ್ಮ?”

“ತೋಳಿಗೆ ಅಂಕಲ್. ಸ್ವಲ್ಪ ಈಚೆ ತನ್ನಿ. ಇನ್ನೂ ಈಚೆ. ಹಾಂ, ಈಗ ನಾನು ಮುಟ್ಟಬಹುದು.”

ಕೋವಿಡ್ ಕಾಲದಲ್ಲಿ ಇದೆಲ್ಲ ಎಷ್ಟೋ ರಾಜ್ಯಗಳಲ್ಲಿ ಸಡಿಲವಾಗಿತ್ತು. ಪರದೆಯಲ್ಲಿ ಥೆರಪಿ ನಡೆಯಿತು, ಗಡಿ ಯಾರೂ ಕೇಳಲಿಲ್ಲ. ರೋಗ ಹೋಯಿತು, ಗಡಿ ವಾಪಸು ಬಂತು. ಆಮೇಲೆ ರೋಗಿ ಪಕ್ಕದ ರಾಜ್ಯದ ಮಗನ ಮನೆಗೆ ಹೋದರೆ, ಹೋದ ವಾರದ ತನಕ ಕಲಿಸುತ್ತಿದ್ದ ಹುಡುಗಿ ಲ್ಯಾಪ್‌ಟಾಪ್ ಮುಚ್ಚಬೇಕಿತ್ತು.

ಒಪ್ಪಂದ ಯಾಕೆ ನಿಂತಿತ್ತು ಅಂದರೆ ಅದಕ್ಕೂ ಕಾರಣಗಳಿದ್ದವು. ರಾಜ್ಯಗಳ ಲೈಸೆನ್ಸ್ ಮಾಹಿತಿಯೆಲ್ಲ ಒಂದೇ ಕಡೆ ಸಿಗುವ ಕಂಪ್ಯೂಟರ್ ವ್ಯವಸ್ಥೆ ಬೇಕಿತ್ತು, ಅದು ತಯಾರಾಗುತ್ತಲೇ ಇತ್ತು. ಹಳೇ ಕೇಸು ಇದೆಯಾ ಅಂತ ನೋಡಲು ಥೆರಪಿಸ್ಟುಗಳ ಬೆರಳಚ್ಚು ಎಫ್‌ಬಿಐಗೆ ಹೋಗಬೇಕು. ಆದರೆ ಎಫ್‌ಬಿಐ ಸುಮ್ನೆ ತೆಗೆದುಕೊಳ್ಳುವುದಿಲ್ಲ. 1972ರ ಒಂದು ಕೇಂದ್ರ ಕಾನೂನಿನ ಪ್ರಕಾರ, ಆ ರಾಜ್ಯದ ಕಾನೂನಿನಲ್ಲಿ ಬೆರಳಚ್ಚಿನ ಮಾತು ಅವರು ಒಪ್ಪುವ ಹಾಗೆ ಬರೆದಿರಬೇಕು. ಬರೆದಿಲ್ಲವಾದರೆ ಮತ್ತೆ ಶಾಸನಸಭೆ, ಮತ್ತೆ ಕೈ ಎತ್ತುವುದು. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ. ನರ್ಸುಗಳಿಗೆ ಇಂಥದ್ದೊಂದು ಒಪ್ಪಂದ 2000ದಿಂದಲೇ ಇದೆ. ಫಿಸಿಯೋಥೆರಪಿಯವರಿಗೆ 2018ರಿಂದ ಅನುಮತಿ ಸಿಗುತ್ತಿದೆ. ಒರಟಾಗಿ ಹೇಳಿದರೆ ಕಾಲಿಗೆ ಒಪ್ಪಂದ ಆಗಿತ್ತು, ಕೈ ಕಾಯಬೇಕಿತ್ತು. ರಾಯರು ಗಡಿಯವರೆಗೆ ನಡೆದುಕೊಂಡು ಬರಬಹುದಿತ್ತು, ಬಂದವರು ಅಂಗಿ ಗುಂಡಿ ಹಾಕಿಕೊಳ್ಳುವಂತಿರಲಿಲ್ಲ.

ನಮ್ಮಲ್ಲೇನು ಕಡಿಮೆಯಾ ಅಂತ ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಮ್ಮದೂ 2021ರದ್ದೇ ಕಾನೂನು. ಒಕ್ಯುಪೇಷನಲ್ ಥೆರಪಿಯನ್ನೂ ಸೇರಿಸಿ ಇಂಥ ವೃತ್ತಿಗಳಿಗೆಲ್ಲ ರಾಷ್ಟ್ರೀಯ ಆಯೋಗ, ಆರು ತಿಂಗಳಲ್ಲಿ ಪ್ರತಿ ರಾಜ್ಯದಲ್ಲೂ ಕೌನ್ಸಿಲ್ ಅಂತ ಬರೆದಿತ್ತು. ಮೂರು ವರ್ಷ ದಾಟಿದ ಮೇಲೆ, 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಎರಡು ತಿಂಗಳ ಗಡುವು ಕೊಟ್ಟು ಗದರಿಸಬೇಕಾಯಿತು. ಹೊರ ರಾಜ್ಯದ ಗಾಡಿ ತಂದು ಬೆಂಗಳೂರಿನಲ್ಲಿ ಆರ್‌ಟಿಓ ಸುತ್ತಿದವರಿಗೆ ಇದರಲ್ಲಿ ಆಶ್ಚರ್ಯ ಏನಿಲ್ಲ ಬಿಡಿ.

ಇಷ್ಟಕ್ಕೂ ಅಲ್ಲಿ ಲೈಸೆನ್ಸ್ ಕೊಡುವ ರಾಜ್ಯಗಳ ಬೋರ್ಡುಗಳು ಹೇಳುವುದು ರೋಗಿಯ ಸುರಕ್ಷತೆ. ಇಲ್ಲಿಯೇ ನನಗೆ ತಮಾಷೆ ಮಾಡುವ ಮನಸ್ಸು ಹೋಗುತ್ತದೆ. ಇಡೀ ದೇಶಕ್ಕೆ ಪರೀಕ್ಷೆ ಒಂದೇ. ವರ್ಜೀನಿಯಾದವರೂ ಅದನ್ನೇ ಪಾಸು ಮಾಡಿದವರು, ಟೆನೆಸೀಯವರೂ ಅದನ್ನೇ. ಬೀದಿ ದಾಟಿದರೆ ಕೈಯ ನರ ಬದಲಾಗುತ್ತಾ? ಲಕ್ವ ಹೊಡೆದ ಮೇಲೆ ಕೈ ಚೇತರಿಸಿಕೊಳ್ಳುವುದು ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲಿ. ಆಮೇಲೆ ಎಷ್ಟು ತಿಣುಕಿದರೂ ನಿಧಾನ. ಆ ತಿಂಗಳುಗಳು ಯಾವ ಕಮಿಷನ್ನಿನ ಸಭೆಗೂ ಕಾಯುವುದಿಲ್ಲ. 2021ರಲ್ಲಿ ಬಿದ್ದವರ ಕೈ ಏನಾಗಬೇಕಿತ್ತೋ ಅದು ಯಾವತ್ತೋ ಆಗಿಹೋಗಿದೆ. ಹಳ್ಳಿಗಾಡಿನಲ್ಲಿ ಹತ್ತಿರದ ಥೆರಪಿಸ್ಟ್ ಗಡಿಯ ಆಚೆ ಇದ್ದರೆ, ಇದ್ದೂ ಇಲ್ಲದ ಹಾಗೆ. ಇದನ್ನು ಸುರಕ್ಷತೆ ಅಂತ ಕರೆಯುವವರಿಗೆ ನಾಚಿಕೆಯಾಗಬೇಕು.

ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಇನ್ನೂ ಸೇರಿಲ್ಲ ಅಂತ 2024ರ ಕೊನೆಗೆ ಅಲ್ಲಿರುವ ನಮ್ಮವರು ಪೇಚಾಡುತ್ತಿದ್ದರಂತೆ. ಪೇಚಾಡಬೇಕಿರಲಿಲ್ಲ. ಎರಡನೇ ರಾಜ್ಯದಲ್ಲಿ ಕೆಲಸ ಬೇಕಾದರೆ ಆಗ ಹೊಸ ಅರ್ಜಿ, ಹೊಸ ಫೀಸು, ಹಳೇ ರಾಜ್ಯದ ಬೋರ್ಡಿನಿಂದ ಪತ್ರ, ರಿನ್ಯೂವಲ್‌ಗೆ ಇನ್ನೊಂದು ತಾರೀಖು. ಮೊದಲು ಸೇರಿದ ವರ್ಜೀನಿಯಾದವರೂ ಅವರ ಜೊತೆ ಅದೇ ಸಾಲಿನಲ್ಲಿದ್ದರು.