ತಾರಸಿ ಹಪ್ಪಳಕ್ಕೆ, ಕಣಿವೆ ಕರೆಂಟಿಗೆ

ನಿನ್ನೆ ಭಾನುವಾರ ನಮ್ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಮೀಟಿಂಗು. ಬಿಪಿ ಮಾತ್ರೆ ನುಂಗ್ಕೊಂಡೇ ಹೋಗಿದ್ದೆ, ಪ್ರಯೋಜನ ಆಗ್ಲಿಲ್ಲ. ರಾತ್ರಿ ಹನ್ನೊಂದಾದ್ರೂ ಗೊಣಗ್ತಾನೇ ಇದ್ದೆ ಅಂತ ಹೆಂಡ್ತಿ "ಫೇಸ್‌ಬುಕ್ಕಲ್ಲಿ ಬರ್ದು ಕಾರ್ಕೊಳ್ಳಿ, ನನ್ ತಲೆ ತಿನ್ಬೇಡಿ" ಅಂದ್ಲು. ಹಾಗಾಗಿ ಇದು ಉದ್ದ ಇದೆ, ಪುರ್ಸೊತ್ತಿದ್ದೋರು ಓದಿ.

ಅಜೆಂಡಾದಲ್ಲಿ ಐದನೇದು ತಾರಸಿ ಮೇಲೆ ಸೋಲಾರ್. ನಾಲ್ಕನೇದು ಸೆಕ್ಯುರಿಟಿಯವರ ಯೂನಿಫಾರ್ಮ್ ನೀಲಿ ಇರ್ಬೇಕಾ ಬೂದಿ ಇರ್ಬೇಕಾ ಅನ್ನೋ ಘನಗಂಭೀರ ವಿಷ್ಯ, ಅದಕ್ಕೆ ಮುಕ್ಕಾಲು ಗಂಟೆ. ಸೋಲಾರಿಗೆ ಸಿಕ್ಕಿದ್ದು ಹತ್ತು ನಿಮಿಷ, ಅದೂ ಕಾಫಿ ಬಂದಿತ್ತು ಅಂತ. ನಾನು ಒಂದು ವಾರ ಕೂತು ಲೆಕ್ಕ ಹಾಕಿದ್ದೆ. ನಮ್ದು 24 ಮನೆ. ಟ್ಯಾಂಕು, ಲಿಫ್ಟ್ ರೂಮು, ನೆರಳು ಎಲ್ಲಾ ಬಿಟ್ಟು ಎರಡು ಸಾವಿರ ಚದರಡಿ ತಾರಸಿ ಉಳಿಯತ್ತೆ. ಕಿಲೋವ್ಯಾಟಿಗೆ ನೂರು ಚದರಡಿ ಅಂತ ಹಿಡಿದ್ರೆ 20 ಕಿಲೋವ್ಯಾಟ್ ಕೂರತ್ತೆ, ದಿನಕ್ಕೆ 80 ಯೂನಿಟ್ ಹತ್ರ ಬರತ್ತೆ, ಅಷ್ಟ್ರಲ್ಲಿ ಲಿಫ್ಟು, ನೀರಿನ ಪಂಪು, ಮೆಟ್ಲ ದೀಪ, ಪಾರ್ಕಿಂಗ್ ದೀಪ ಹೆಚ್ಚುಕಮ್ಮಿ ಮುಗ್ದೋಗತ್ತೆ. ಪಿಎಂ ಸೂರ್ಯಘರ್ ಸ್ಕೀಮಲ್ಲಿ ಮನೆಗಳಿಗೆ 78 ಸಾವಿರದ ತನಕ ಸಬ್ಸಿಡಿ ಇರೋದು ಎಲ್ರಿಗೂ ಗೊತ್ತು. ಅಪಾರ್ಟ್‌ಮೆಂಟಿನ ಕಾಮನ್ ಏರಿಯಾಗೂ ಕಿಲೋವ್ಯಾಟಿಗೆ 18,000 ಕೊಡ್ತಾರೆ ಅನ್ನೋದು ಯಾರಿಗೂ ಗೊತ್ತಿಲ್ಲ. ಅಂದ್ರೆ ನಮಗೆ 3.6 ಲಕ್ಷ. ಕೊಟೇಶನ್ ಬಂದಿದ್ದು 11 ಲಕ್ಷಕ್ಕೆ. ಕಳೆದು ಭಾಗಿಸಿದ್ರೆ ಮನೆಗೆ 31 ಸಾವಿರದ ಹತ್ರ. ಕಾಮನ್ ಬಿಲ್ಲು ತಿಂಗ್ಳಿಗೆ 18 ಸಾವಿರ ಕಟ್ತಾ ಇದೀವಿ, ನಾಲ್ಕು ವರ್ಷ ಆಗೋದ್ರೊಳಗೆ ಹಾಕಿದ ದುಡ್ಡು ವಾಪಸ್. ಇದ್ರಲ್ಲಿ ಎಲ್ಲಿ ತಪ್ಪಿದೆ ಸ್ವಾಮಿ?

ಮೊದಲ ಪ್ರಶ್ನೆ ಸೆಕೆಂಡ್ ಫ್ಲೋರ್ ಆಂಟಿದು. "ಹಪ್ಪಳ ಸಂಡಿಗೆ ಎಲ್ಲಿ ಒಣಗ್ಸೋದು?"

ಎಂಟು ವರ್ಷದಲ್ಲಿ ಆ ತಾರಸಿ ಮೇಲೆ ನಾನು ಹಪ್ಪಳ ನೋಡಿರೋದು ಎರಡೇ ಸಲ, ಎರಡು ಸಲಾನೂ ಕಾಗೆ ನನಗಿಂತ ಮುಂಚೆ ನೋಡಿತ್ತು. ಆಮೇಲೆ ಇನ್ನೊಬ್ರು ಈಶಾನ್ಯಕ್ಕೆ ಭಾರ ಬರತ್ತೆ ಅಂದ್ರು. ಟಾಪ್ ಫ್ಲೋರಿನೋರು ತಾರಸಿ ಹಕ್ಕು ತಮ್ದು ಅನ್ನೋ ಹಾಗೆ ಮುಖ ಮಾಡ್ಕೊಂಡು ಕೂತಿದ್ರು. ಮತ್ತೊಬ್ರು "ಹೇಗೂ 200 ಯೂನಿಟ್ ಫ್ರೀ ಬರ್ತಿದ್ಯಲ್ಲ ಸಾರ್, ಯಾಕ್ ಸುಮ್ನೆ" ಅಂದ್ರು. ಗೃಹಜ್ಯೋತಿ ನಮ್ ನಮ್ ಮನೆ ಮೀಟರಿಗೆ, ಲಿಫ್ಟಿನ ಮೀಟರಿಗಲ್ಲ ಅಂತ ಮೂರು ಸಲ ಹೇಳಿದೆ. ಮೂರನೇ ಸಲಕ್ಕೆ ಬಿಸ್ಕೆಟ್ ತಟ್ಟೆ ನನ್ ಕಡೆ ತಳ್ಳಿದ್ರು.

ಇಷ್ಟೂ ಸಹಿಸ್ಕೊಂಡಿದ್ದೆ, ದೇವ್ರಾಣೆ. ಆಮೇಲೆ ಟ್ರೆಷರರ್ ಸಾರ್, ಪಾಪ ಒಳ್ಳೇ ಮನುಷ್ಯ, ಯಾರಿಗೂ ಕೆಟ್ಟದ್ದು ಬಯಸ್ದೋರಲ್ಲ, ಕಾಫಿ ಲೋಟ ಕೆಳಗಿಡ್ತಾ ಅಂದ್ರು: "ಅದೂ ಅಲ್ದೆ ಶರಾವತಿ ಹತ್ರ 2000 ಮೆಗಾವ್ಯಾಟಿಂದು ದೊಡ್ಡ ಪ್ರಾಜೆಕ್ಟ್ ಬರ್ತಿದ್ಯಲ್ಲ, ಅದೊಂದು ಆಗ್ಬಿಟ್ರೆ ಬೆಂಗ್ಳೂರಿಗೆ ಕರೆಂಟ್ ಪ್ರಾಬ್ಲಮ್ಮೇ ಇರಲ್ಲ ಬಿಡಿ."

ನನ್ನ ಗೊತ್ತಿದ್ದೋರಿಗೆ ಗೊತ್ತು, ನಾವು ಮುಳುಗಡೆಯೋರು. ಗೊತ್ತಿಲ್ದೋರಿಗೆ ಹೇಳ್ತೀನಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯ್ತು, ಶರಾವತಿ ನೀರು ಹಿಂದಕ್ಕೆ ನಿಲ್ತು, ಅದ್ರಲ್ಲಿ ನಮ್ಮಜ್ಜನ ಮನೆ, ತೋಟ, ಗದ್ದೆ, ಸೊಪ್ಪಿನ ಬೆಟ್ಟ, ಒಂದು ಒಳ್ಳೇ ನೀರಿನ ಬಾವಿ, ಎಲ್ಲಾ ಹೋಯ್ತು. ಅಜ್ಜ ಮನೆ ಬಾಗ್ಲ ದಾರಂದ ಒಂದನ್ನ ಕಿತ್ಕೊಂಡು ಲಾರೀಲಿ ಹಾಕ್ಕೊಂಡ್ ಬಂದಿದ್ರಂತೆ, ಹೊಸ ಜಾಗದಲ್ಲಿ ಅದಕ್ಕೆ ತಕ್ಕ ಗೋಡೆ ಕಟ್ಟೋಕೆ ಹದಿಮೂರು ವರ್ಷ ಆಯ್ತಂತೆ. ಆ ನೀರಿಂದ ಹುಟ್ಟಿದ್ದು 1035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರ. ಎಷ್ಟೋ ವರ್ಷ ಇಡೀ ರಾಜ್ಯಾನೇ ಅದ್ರ ಮೇಲೆ ನಿಂತಿತ್ತು. ನಮ್ಮಪ್ಪ ಎಸ್ಸೆಸ್ಸೆಲ್ಸಿ ಓದಿದ್ದು ಸೀಮೆಎಣ್ಣೆ ಬುಡ್ಡಿ ದೀಪದಲ್ಲಿ. ಬಿಟ್ಟುಬಂದ ಜಮೀನಿನ ಕರೆಂಟು ತಲೆ ಮೇಲಿನ ದೊಡ್ಡ ತಂತೀಲಿ ಗುಂಯ್ ಅಂತ ಬೆಂಗ್ಳೂರಿಗೆ ಹೋಗ್ತಿತ್ತಂತೆ. ಹಕ್ಕುಪತ್ರದ ಫೈಲು ಇವತ್ತಿಗೂ ಟೇಬಲ್ಲಿಂದ ಟೇಬಲ್ಲಿಗೆ ಓಡಾಡ್ತಿದೆ. ಅಪ್ಪ ಈಗ್ಲೂ ಮಳೆಗಾಲದಲ್ಲಿ ಪೇಪರ್ ಬಂದ ಕೂಡ್ಲೇ ಲಿಂಗನಮಕ್ಕಿ ನೀರಿನ ಮಟ್ಟ ನೋಡ್ತಾರೆ, ಪೂರ್ತಿ 1819 ಅಡಿ ಆಯ್ತಾ ಅಂತ. ಯಾಕಪ್ಪಾ ಅಂದ್ರೆ "ಸುಮ್ನೆ" ಅಂತಾರೆ.

ಈಗ ಟ್ರೆಷರರ್ ಹೇಳಿದ ಆ ಪಂಪ್ಡ್ ಸ್ಟೋರೇಜ್ ಪ್ರಾಜೆಕ್ಟೂ ಅದೇ ಕಣಿವೇಲಿ, ತಲಕಳಲೆ ಜಲಾಶಯ ಮೇಲೆ, ಗೇರುಸೊಪ್ಪೆ ಜಲಾಶಯ ಕೆಳಗೆ, ನಡುವೆ ಸುರಂಗ. ಸಿಂಗಳೀಕ ಇರೋ ಅಭಯಾರಣ್ಯ ಅದು. ಕರೆಂಟ್ ಜಾಸ್ತಿ ಇರೋ ಹೊತ್ತಲ್ಲಿ ನೀರನ್ನ ಮೇಲಕ್ಕೆ ಪಂಪ್ ಮಾಡೋದು, ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ತೆಗಿಯೋದು. ಮೇಲೆತ್ತೋಕೆ ತಿನ್ನೋ ಕರೆಂಟು ಕೆಳಗೆ ಬಿಟ್ಟಾಗ ಸಿಗೋದಕ್ಕಿಂತ ಜಾಸ್ತಿ, ಅದು ಅದನ್ನ ಮಾಡೋರೇ ಒಪ್ಪೋ ಮಾತು. ಈ ಭಾಗ್ಯಕ್ಕೆ ಮತ್ತೆ ಕಾಡು ಬೇಕು. ಬೆಂಗ್ಳೂರಲ್ಲಿ ತಾರಸಿ ಹಪ್ಪಳಕ್ಕೆ ಬೇಕು, ಅದಕ್ಕೆ.

ಈ ಊರಿಗೆ ಈ ಅಭ್ಯಾಸ ಹಳೇದು ಬಿಡಿ. 1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯ್ತು, 1905ರಲ್ಲಿ ಬೆಂಗ್ಳೂರಿನ ಬೀದಿಗೆ ದೀಪ ಬಂತು. ಏಷ್ಯಾದಲ್ಲೇ ಮೊದ್ಲು ಅಂತ, ಅದು ಪೂರ್ತಿ ನಿಜ ಅಲ್ದಿದ್ರೂ, ಎಷ್ಟು ಹೆಮ್ಮೆಯಿಂದ ಹೇಳ್ಕೋತೀವಿ. ನಾನೂ ಹೇಳಿದೀನಿ, ಆಫೀಸಲ್ಲಿ ನಾರ್ತ್‌ನೋರ ಮುಂದೆ ಕಾಲರ್ ಎತ್ಕೊಂಡು. ಆಗಿಂದ ಈಗ್ಲೂ ದೀಪ ಇಲ್ಲಿ, ಅದ್ರ ಹೊಗೆ ಬೂದಿ ನೀರು ಎಲ್ಲಾ ಇನ್ನೆಲ್ಲೋ. ಕಲ್ಲಿದ್ದಲು ರಾಯಚೂರಲ್ಲಿ ಉರಿಯತ್ತೆ, ಅಲ್ಲಿನೋರು ಬೂದಿ ಉಸಿರಾಡ್ತಾರೆ. ಪಾವಗಡದಲ್ಲಿ 13,000 ಎಕರೆ ಸೋಲಾರ್ ಪಾರ್ಕು, 2050 ಮೆಗಾವ್ಯಾಟು, ಅಲ್ಲಿ ರೈತರ ಜಮೀನು ಕೊಂಡ್ಕೊಳ್ದೆ ಎಕರೆಗೆ ವರ್ಷಕ್ಕೆ 21,000 ಅಂತ ಬಾಡಿಗೆಗೆ ತಗೊಂಡ್ರು, ನಮಗಾದದ್ದಕ್ಕೆ ಹೋಲಿಸಿದ್ರೆ ಅದು ಎಷ್ಟೋ ವಾಸಿ, ಹೊಟ್ಟೆಕಿಚ್ಚೂ ಆಗತ್ತೆ ನಿಜ ಹೇಳ್ಬೇಕಂದ್ರೆ. ಆದ್ರೂ ಶೇಂಗಾ ಬೆಳೀತಿದ್ದ ಊರು ಅದು, ಜಮೀನಿದ್ದೋರಿಗೆ ಬಾಡಿಗೆ ಬಂತು, ಆ ಜಮೀನಲ್ಲಿ ಕೂಲಿ ಮಾಡ್ತಿದ್ದೋರಿಗೆ ಏನ್ ಬಂತು?

ಮತ್ತೆ ಬೆಂಗ್ಳೂರು "ತನ್ನ ಕರೆಂಟು ತಾನೇ" ಅಂತ ಏನ್ ಮಾಡಿದೆ? 2023ರ ನವೆಂಬರಲ್ಲಿ ಬಿಬಿಎಂಪಿ ಹವಾಮಾನ ಕ್ರಿಯಾ ಯೋಜನೆ ಅಂತ ಬಿಡುಗಡೆ ಮಾಡ್ತು, 2050ಕ್ಕೆ ಊರು ಕಾರ್ಬನ್ ನ್ಯೂಟ್ರಲ್ ಆಗತ್ತಂತೆ. ಆಗ್ಲಿ, ಸಂತೋಷ. ಆಮೇಲೆ ಬಿಬಿಎಂಪಿನೇ ಹೋಗಿ ಐದು ಪಾಲಿಕೆ ಆಯ್ತು, ಫೈಲು ಯಾವ ಪಾಲಿಕೆ ಪಾಲಿಗೆ ಬಂತೋ ಆ ಈಶ್ವರನೇ ಬಲ್ಲ. ಕಸದಿಂದ ಕರೆಂಟು ಅಂತ 11.5 ಮೆಗಾವ್ಯಾಟಿನ ಘಟಕ ಕಟ್ಟಿದ್ರು, ಎಲ್ಲಿ? ಬಿಡದೀಲಿ! ಕಸ ನಮ್ದು, ಸುಡೋ ಜಾಗ ಅವ್ರದ್ದು. ಊರೊಳಗೇ ಇರೋ ದೊಡ್ಡ ವಿದ್ಯುತ್ ಸ್ಥಾವರ ಅಂದ್ರೆ ಯಲಹಂಕದ 370 ಮೆಗಾವ್ಯಾಟಿಂದು, ಅದು ಗ್ಯಾಸಿಂದು. ಕೆಲವು ವರ್ಷದ ಹಿಂದೆ ಹೆಲಿಕಾಪ್ಟರಲ್ಲಿ ಲೇಸರ್ ಯಂತ್ರ ಇಟ್ಕೊಂಡು ನಮ್ ಊರಿನ ತಾರಸಿಗಳನ್ನೆಲ್ಲಾ ಅಳತೆ ಮಾಡಿದ್ರು, ಯಾರ್ ಮನೆ ಮೇಲೆ ಎಷ್ಟು ಸೋಲಾರ್ ಕೂರತ್ತೆ ಅಂತ. ಹೆಲಿಕಾಪ್ಟರ್ ಬಂದು ನೋಡ್ಕೊಂಡ್ ಹೋಯ್ತು, ಆಂಟಿ ಹಪ್ಪಳಾನೂ ನೋಡಿರ್ಬೇಕು.

ಇಲ್ಲಿನ ಜನ ಮಾಡಲ್ಲ ಅಂತ ಮಾತ್ರ ಹೇಳ್ಬೇಡಿ, ಸುಳ್ಳು ಅದು. 2007ರಲ್ಲಿ ಸೋಲಾರ್ ವಾಟರ್ ಹೀಟರ್ ಇಲ್ದಿದ್ರೆ ಹೊಸ ಕನೆಕ್ಷನ್ ಕೊಡಲ್ಲ ಅಂತ ರೂಲ್ಸ್ ಬಂತಲ್ಲ, ಈಗ ಯಾವ್ದಾದ್ರೂ ಫ್ಲೈಓವರ್ ಮೇಲಿಂದ ನೋಡಿ, ಸಾಲು ಸಾಲು ಬಿಳಿ ಟ್ಯಾಂಕು. ಬಿಲ್ಲಲ್ಲಿ ಯೂನಿಟ್ಟಿಗೆ 50 ಪೈಸೆ ರಿಬೇಟು, ತಿಂಗ್ಳಿಗೆ ಹೆಚ್ಚಂದ್ರೆ 50 ರೂಪಾಯಿ, ಅಷ್ಟಕ್ಕೇ ನಮ್ ಮಾವ ಬಿಸ್ಲಲ್ಲಿ ಆಫೀಸಿಗೆ ನಾಕ್ ಸಲ ಅಲೆದಿದ್ರು. ಆಗ ಯಾರಿಗೂ ಈಶಾನ್ಯ ನೆನಪಾಗ್ಲಿಲ್ಲ. ಕಡ್ಡಾಯ ಅಂದ್ರೆ ನಾವು ಎಲ್ಲಾ ಮಾಡ್ತೀವಿ ರೀ, ಐಚ್ಛಿಕ ಅಂದ್ರೆ ಮೀಟಿಂಗ್ ಮಾಡ್ತೀವಿ.

ಹೊಟ್ಟೆ ಉರಿಯೋದು ಇಂದೋರ್ ನೋಡಿದ್ರೆ. ಸ್ವಚ್ಛತೆ ಕಥೆ ಬಿಡಿ, ಅದು ಎಲ್ರೂ ಹೇಳ್ತಾರೆ. ಆ ಪಾಲಿಕೆ 2023ರ ಫೆಬ್ರವರಿಯಲ್ಲಿ ಸಾರ್ವಜನಿಕರಿಗೆ ಗ್ರೀನ್ ಬಾಂಡ್, ಅಂದ್ರೆ ಪರಿಸರದ ಕೆಲಸಕ್ಕೆ ಅಂತ ಸಾಲ ಎತ್ತೋ ಪತ್ರ, ಮಾರಿ 244 ಕೋಟಿ ಎತ್ತಿತು. ಯಾಕೆ? ಜಲೂದ್ ಅನ್ನೋ ಕಡೆಯಿಂದ ನರ್ಮದೆ ನೀರು ಪಂಪ್ ಮಾಡಿ ತರ್ಬೇಕು, ಅದ್ರ ಕರೆಂಟ್ ಬಿಲ್ಲು ಪಾಲಿಕೆ ಬೆನ್ನು ಮುರೀತಿತ್ತು, ಅದಕ್ಕೆ ಅಲ್ಲೇ 60 ಮೆಗಾವ್ಯಾಟ್ ಸೋಲಾರ್ ಸ್ವಂತಕ್ಕೆ ಹಾಕ್ಕೊಳೋಣ ಅಂತ. ಈಗ ನಮ್ಮನ್ನ ನೋಡ್ಕೊಳಿ. ಕಾವೇರಿ ನೂರು ಕಿಲೋಮೀಟರ್ ದೂರದಿಂದ, ಅದೂ ಕೆಳಗಿಂದ ಗುಡ್ಡ ಹತ್ತಿಸ್ಕೊಂಡು ಬರ್ಬೇಕು, ಜಲಮಂಡಳಿ ಖರ್ಚಲ್ಲಿ ಕರೆಂಟಿಂದೇ ದೊಡ್ಡ ಪಾಲು, 2024ರ ಅಕ್ಟೋಬರಲ್ಲಿ ಐದನೇ ಹಂತ ಅಂತ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ಸೇರ್ತು. ಪಂಪಿನ ಜೊತೆಗೇ ಅದ್ರ ಕರೆಂಟೂ ಮಾಡ್ಕೊಳೋ ಯೋಚನೆ ಮೊದಲ ದಿನದಿಂದ್ಲೇ ಇರ್ಬೇಕಿತ್ತಲ್ವಾ? ಐಟಿ ರಾಜಧಾನಿ ಅಂತೆ. ಎಕ್ಸೆಲ್ ಶೀಟ್ ಓಪನ್ ಮಾಡೋರೇ ಇಲ್ಲ.

ಗೊತ್ತು, ಈಗ ನನ್ ಇಂಜಿನಿಯರ್ ಫ್ರೆಂಡ್ಸ್ ಕಾಮೆಂಟಲ್ಲಿ ಬರ್ತೀರ. "ಸೂರ್ಯ ಆರಕ್ಕೆ ಮುಳುಗ್ತಾನೆ, ಬೆಂಗ್ಳೂರು ಏಳಕ್ಕೆ ಮನೆಗ್ ಬಂದು ಎಲ್ಲಾ ಸ್ವಿಚ್ ಹಾಕತ್ತೆ, ಆ ಕರೆಂಟನ್ನ ಎಲ್ಲಾದ್ರೂ ಕೂಡಿಡಲೇಬೇಕು, ಪಂಪ್ಡ್ ಸ್ಟೋರೇಜ್ ಅಂದ್ರೆ ಅದೇ ಕಣೋ. ಮತ್ತೆ ಎಲ್ಲಾ ತಾರಸಿ ತುಂಬ್ಸಿದ್ರೂ ಇಷ್ಟು ದೊಡ್ಡ ಊರಿಗೆ ಸಾಕಾಗಲ್ಲ." ಸರಿ. ಒಪ್ದೆ. ಸಾಕಾಗಲ್ಲ. ಪೂರ್ತಿ ಹೊಟ್ಟೆ ತುಂಬಲ್ಲ ಅಂತ ತಟ್ಟೇಲಿರೋದನ್ನ ಯಾರಾದ್ರೂ ಬಿಡ್ತಾರಾ? ಕೂಡಿಡೋಕೆ ಬ್ಯಾಟರಿ ಇದೆ, ದುಬಾರಿ ಅಂತೀರ, ದುಬಾರಿ ಅಂದ್ರೆ ಬೆಂಗ್ಳೂರಿನ ಜೇಬಿಗೆ ದುಬಾರಿ, ಕಾಡಿನ ಬೆಲೆ ಯಾವ ಕೊಟೇಶನಲ್ಲೂ ಇರಲ್ಲ. ಮೊದಲು ಮೆಟ್ರೋ ಸ್ಟೇಷನ್ನು, ಬಸ್ ಸ್ಟ್ಯಾಂಡು, ಸರ್ಕಾರಿ ಸ್ಕೂಲು, ಮಾಲು, ಮಾಲಿನ ಪಾರ್ಕಿಂಗು, ನಮ್ಮ ಮಹಾಮಹಿಮ ಟೆಕ್ ಪಾರ್ಕುಗಳು, ಎಲ್ಲದ್ರ ತಲೆ ಮೇಲೂ ತುಂಬ್ಸಿ. ತುಂಬ್ಸಿ ಆದ್ಮೇಲೂ ಸಾಲ್ಲಿಲ್ಲ ಅಂತ ಲೆಕ್ಕ ಹಿಡ್ಕೊಂಡು ನಮ್ಮೂರಿಗ್ ಬನ್ನಿ, ಆಗ ಕೂತು ಮಾತಾಡೋಣ, ಕಾಫಿ ನಾನೇ ಕೊಡ್ತೀನಿ. ಈಗ ಖಾಲಿ ತಾರಸಿ ಇಟ್ಕೊಂಡು ಬಂದು ಸುರಂಗ ಕೊರೀತೀನಿ ಅಂದ್ರೆ ಯಾವ ಬಾಯಲ್ಲಿ ಹ್ಞೂಂ ಅನ್ನೋದು.

ಇಷ್ಟೆಲ್ಲಾ ಬೈದ್ಮೇಲೆ ಒಂದು ವಿಷ್ಯ ಹೇಳ್ದೇ ಇದ್ರೆ ನಂಗೇ ಸರಿ ಅನ್ಸಲ್ಲ. ಎರಡು ವರ್ಷದ ಹಿಂದೆ ಇದೇ ಸೋಲಾರ್ ಪ್ರಸ್ತಾಪ ಇದೇ ಮೀಟಿಂಗಲ್ಲಿ ಬಂದಿತ್ತು. ಗ್ರೌಂಡ್ ಫ್ಲೋರಿನ ರಿಟೈರ್ಡ್ ಮೇಷ್ಟ್ರು ತಂದಿದ್ರು, ಕೈಯಲ್ಲೇ ಬರ್ಕೊಂಡು, ಚಂದದ ಅಕ್ಷರದಲ್ಲಿ. ಆಗ "ಈ ವರ್ಷ ಬೇಡ ಸಾರ್, ಮುಂದಿನ್ ವರ್ಷ ನೋಡೋಣ" ಅಂತ ಮೊದಲು ಹೇಳಿದ್ದು ನಾನು. ಯಾಕಂದ್ರೆ ಆ ತಿಂಗ್ಳೇ ಎಲೆಕ್ಟ್ರಿಕ್ ಕಾರ್ ಬುಕ್ ಮಾಡಿದ್ದೆ, ಡೌನ್ ಪೇಮೆಂಟ್ ಕಟ್ಟಿ ಕೈ ಖಾಲಿ ಆಗಿತ್ತು. ಹಸಿರು ನಂಬರ್ ಪ್ಲೇಟಿನ ಕಾರು! ಅದನ್ನ ರಾತ್ರಿ ಬೇಸ್‌ಮೆಂಟಲ್ಲಿ ಚಾರ್ಜಿಗ್ ಹಾಕ್ತೀನಿ, ಆ ಹೊತ್ತಲ್ಲಿ ಬರೋ ಕರೆಂಟು ರಾಯಚೂರಿಂದೋ, ನಮ್ಮಜ್ಜನ ಗದ್ದೆ ಮೇಲೆ ನಿಂತ ನೀರಿಂದೋ. ಆ ಕಾರಲ್ಲೇ ಊರಿಗೆ ಹೋದಾಗ ಅಪ್ಪ ಸುತ್ತ ಒಂದು ಸುತ್ತು ಹಾಕಿ "ಪೆಟ್ರೋಲೇ ಬ್ಯಾಡ್ವ ಇದಕ್ಕೆ?" ಅಂತ ಕೇಳಿದ್ರು. ಬೇಡ ಅಂದೆ. "ಅಡ್ಡಿಲ್ಲ" ಅಂದ್ರು. ಅಷ್ಟೇ.

ಮೇಷ್ಟ್ರು ಹೋದ ವರ್ಷ ಮಗಳ ಮನೆಗೆ ಅಂತ ಮೈಸೂರಿಗೆ ಹೋದ್ರು. ನಿನ್ನೆ ಮೀಟಿಂಗಲ್ಲಿ ಅವ್ರಿದ್ದಿದ್ರೆ ಎರಡು ಓಟಾದ್ರೂ ಬೀಳ್ತಿತ್ತು. ಕೈ ಎತ್ತಿದ್ದು ನಾನೊಬ್ನೇ. ಹೆಂಡ್ತಿ ಬಂದಿರ್ಲಿಲ್ಲ, ಸೀರಿಯಲ್ ಇರ್ಲಿಲ್ಲ, ಸುಮ್ನೆ ಬಂದಿರ್ಲಿಲ್ಲ.

ಮುಂದಿನ ಮೀಟಿಂಗು ಎರಡು ತಿಂಗ್ಳ ಮೇಲೆ. ನಿಮ್ ನಿಮ್ ಅಪಾರ್ಟ್‌ಮೆಂಟಲ್ಲಿ ಕಾಮನ್ ಏರಿಯಾಗೆ ಸೋಲಾರ್ ಹಾಕ್ಸಿರೋರು ಯಾರಾದ್ರೂ ಇದ್ರೆ ದಯವಿಟ್ಟು ಕೆಳಗೆ ಬರೀರಿ, ಜನ ಹೇಗ್ ಒಪ್ಪಿಸಿದ್ರಿ, ಎಷ್ಟು ಮೀಟಿಂಗ್ ಹಿಡೀತು, ನೆಟ್ ಮೀಟರಿಗೆ (ಮಿಕ್ಕ ಸೋಲಾರ್ ಕರೆಂಟು ಹೊರಗಿನ ಲೈನಿಗೆ ಕೊಟ್ಟಿದ್ದನ್ನ ಬಿಲ್ಲಲ್ಲಿ ಕಳೆಯೋ ಮೀಟರು) ಎಷ್ಟ್ ಸಲ ಅಲೆದ್ರಿ. ಪ್ಯಾನೆಲ್ಲನ್ನ ಎಂಟಡಿ ಎತ್ತರಕ್ಕೆ ಕಂಬ ಕೊಟ್ಟು ಎತ್ತಿ ಕೂರಿಸ್ಬೋದಂತೆ, ಕೆಳಗೆ ಜಾಗ ಹಾಗೇ ಇರತ್ತಂತೆ, ಖರ್ಚು ಸ್ವಲ್ಪ ಏರತ್ತೆ. ಆದ್ರೆ ಕೆಳಗೆ ನೆರಳಾಗತ್ತಲ್ಲ, ನೆರಳಲ್ಲಿ ಹಪ್ಪಳ ಒಣಗತ್ತಾ? ತಮಾಷೆಗಲ್ಲ, ಆಂಟಿ ಕೇಳೇ ಕೇಳ್ತಾರೆ, ಉತ್ತರ ರೆಡಿ ಇರ್ಬೇಕು.