ಬೋರ್ಡು ಬಿಡಿ, ಒಲೆ ಎಲ್ಲಿದೆ ಅಂತ ಕೇಳಿ

ಬೆಂಗಳೂರಿನ ಯಾವ ಮೂಲೆಯಲ್ಲಾದರೂ ನಿಂತು ಮ್ಯಾಪ್‌ನಲ್ಲಿ ಬೇಕರಿ ಅಂತ ಹುಡುಕಿ ನೋಡಿ. ನಾಲ್ಕೈದು ಅಯ್ಯಂಗಾರ್ ಬೇಕರಿ ಗ್ಯಾರಂಟಿ. ಎಲ್ಲದಕ್ಕೂ ನಾಲ್ಕು ಚಿಲ್ಲರೆ ಸ್ಟಾರ್, ಎಲ್ಲದರ ಫೋಟೋದಲ್ಲೂ ಅದೇ ಕೆಂಪು ಜಾಮ್ ಬಳಿದ ಹನಿ ಕೇಕ್. ಇದನ್ನು ನೋಡಿ ಯಾವ ಅಂಗಡಿ ಚೆನ್ನಾಗಿದೆ ಅಂತ ಹೇಳೋದು ಹೇಗೆ? ಆಗಲ್ಲ ಬಿಡಿ.

ಅಯ್ಯಂಗಾರ್ ಬೇಕರಿ ಅನ್ನೋ ಹೆಸರಿಗೆ ದೊಡ್ಡ ಚರಿತ್ರೆಯೇ ಇದೆ. ಚಿಕ್ಕಪೇಟೆ ಕಡೆ 1898ರಲ್ಲಿ ಶುರುವಾದ ಬಿ.ಬಿ. ಬೇಕರಿಯನ್ನೇ ಮೊದಲನೆಯದು ಅಂತ ಹೇಳುತ್ತಾರೆ. ಆಮೇಲೆ ಹಾಸನದ ಕಡೆಯ ಕುಟುಂಬಗಳು ಬಂದು ಬಡಾವಣೆಗೊಂದು ಬೇಕರಿ ಹಾಕಿದವು. ಇವತ್ತು ಆ ಹೆಸರು ಯಾರಪ್ಪನ ಸ್ವತ್ತೂ ಅಲ್ಲ, ಯಾರು ಬೇಕಾದರೂ ಬೋರ್ಡು ಬರೆಸಬಹುದು. ಹಾಗಾಗಿ ನಾನು ಹೊಸ ಏರಿಯಾಗೆ ಹೋದಾಗ ಕೇಳೋದು ಒಂದೇ ಪ್ರಶ್ನೆ: ಒಲೆ ಇಲ್ಲೇ ಹಿಂದೆ ಇದೆಯಾ, ಅಥವಾ ಮಾಲು ಗಾಡಿಯಲ್ಲಿ ಬರುತ್ತದಾ?

ಗಾಡಿಯಲ್ಲಿ ಬರೋದೆಲ್ಲ ಕೆಟ್ಟದ್ದು ಅಂತಲ್ಲ. ಬ್ರೆಡ್ಡು, ರಸ್ಕು ಹಾಗೆ ಬಂದರೂ ನಡೆಯುತ್ತದೆ. ಆದರೆ ಖಾರ ಬನ್ ನಡೆಯಲ್ಲ. ಈಗಷ್ಟೇ ಟ್ರೇಯಿಂದ ತೆಗೆದ ಖಾರ ಬನ್ ಮುರಿದು ನೋಡಿ, ಒಳಗಿಂದ ಹಬೆ ಬರುತ್ತದೆ. ಈರುಳ್ಳಿ ಅರ್ಧ ಬೆಂದು ಸ್ವಲ್ಪ ಸಿಹಿಯಾಗಿರುತ್ತದೆ, ಸಬ್ಬಸಿಗೆ ಸೊಪ್ಪಿನ ವಾಸನೆ ಮೂಗಿಗೆ ಹೊಡೆಯುತ್ತದೆ, ಹಸಿಮೆಣಸಿನಕಾಯಿ ಚೂರು ಎಲ್ಲಿ ಸಿಗುತ್ತದೋ ಗೊತ್ತಾಗಲ್ಲ. ಅದೇ ಬನ್ ಮಾರನೇ ದಿನ ಬೆಳಿಗ್ಗೆ ಗಾಜಿನ ಪೆಟ್ಟಿಗೆಯಲ್ಲಿ ಕೂತಿದ್ದರೆ ಒಣಗಿದ ಸ್ಪಂಜು. ನಮ್ಮ ಮನೆ ಹತ್ತಿರದ ಒಂದು ಬೇಕರಿಯಲ್ಲಿ ಅದನ್ನೇ ಮೈಕ್ರೋವೇವ್‌ಗೆ ಹಾಕಿ 'ಬಿಸಿ ಬಿಸಿ ಸಾರ್' ಅಂತ ಕೊಡುತ್ತಾರೆ. ಹೆಸರು ಬೇಡ, ಓನರ್ ಪಾಪ ಒಳ್ಳೆಯವರು.

ಆದ್ದರಿಂದ ಯಾವ ಬೇಕರಿ ಅನ್ನೋದರ ಜೊತೆಗೆ ಎಷ್ಟು ಗಂಟೆಗೆ ಅನ್ನೋದೂ ಮುಖ್ಯ. ಕೌಂಟರಿನ ಹುಡುಗನನ್ನು 'ಏನು ಚೆನ್ನಾಗಿದೆ' ಅಂತ ಕೇಳಿದರೆ ಎಲ್ಲಾ ಚೆನ್ನಾಗಿದೆ ಅಂತಲೇ ಹೇಳುತ್ತಾನೆ, ಇನ್ನೇನು ಹೇಳಬೇಕು? 'ಮುಂದಿನ ಟ್ರೇ ಯಾವಾಗ' ಅಂತ ಕೇಳಿ. ನಿಜವಾದ ಉತ್ತರ ಸಿಗುತ್ತದೆ. ಫ್ರೇಜರ್ ಟೌನ್‌ನ ಮಾಸ್ಕ್ ರೋಡಿನಲ್ಲಿ 1902ರಿಂದ ಇರುವ ಆಲ್ಬರ್ಟ್ ಬೇಕರಿ ಬಾಗಿಲು ತೆಗೆಯುವುದೇ ಮಧ್ಯಾಹ್ನದ ಮೇಲೆ. ಗೊತ್ತಿಲ್ಲದೆ ಬೆಳಿಗ್ಗೆ ಹೋದವರು ಶಟರ್ ನೋಡಿಕೊಂಡು ಬರುತ್ತಾರೆ. ವಿ.ವಿ. ಪುರಂನ ವಿ.ಬಿ. ಬೇಕರಿಯಲ್ಲಿ ಸಂಜೆ ಹೊತ್ತು ಕೌಂಟರ್ ಮುಂದೆ ಯಾವಾಗ ನೋಡಿದರೂ ಜನ. ಬೆಣ್ಣೆ ಸವರಿ, ಕಾಂಗ್ರೆಸ್ ಕಡಲೆಕಾಯಿ (ಖಾರ ಮಸಾಲೆ ಹಚ್ಚಿದ ಕಡಲೆಬೀಜ) ತುಂಬಿದ ಬನ್ನು ಅಲ್ಲೇ ರಸ್ತೆಯಲ್ಲಿ ನಿಂತು ತಿನ್ನಬೇಕು. ಪಾರ್ಸೆಲ್ ತಂದರೆ ಬನ್ನು ಮೆತ್ತಗಾಗಿ, ಕಡಲೆಕಾಯಿ ಗರಿ ಹೋಗಿ, ದಂಡ.

ಚಕ್ಕುಲಿ, ಕೋಡುಬಳೆ, ಹಪ್ಪಳ ಮಾರುವ ಕಾಂಡಿಮೆಂಟ್ಸ್ ಅಂಗಡಿಗಳ ಕಥೆಯೇ ಬೇರೆ. ಇವಕ್ಕೆ ಮ್ಯಾಪ್‌ನಲ್ಲಿ ಸರಿಯಾದ ವಿಭಾಗವೂ ಇಲ್ಲ. ಕಿರಾಣಿ ಅನ್ನುತ್ತದೆ, ಸ್ವೀಟ್ಸ್ ಅನ್ನುತ್ತದೆ, ಏನೋ ಒಂದು. ಗಾಂಧಿ ಬಜಾರಿನ ಶ್ರೀನಿವಾಸ ಕಾಂಡಿಮೆಂಟ್ಸ್ 1948ರಿಂದ ಇದೆ, ಆದರೆ ಬಸವನಗುಡಿಯಲ್ಲಿ ಸುಬ್ಬಮ್ಮನ ಅಂಗಡಿ ಅಂದರೇನೇ ದಾರಿ ತೋರಿಸೋದು. ಇಂಥ ಅಂಗಡಿ ನಿಮ್ಮ ಏರಿಯಾದಲ್ಲೂ ಒಂದು ಇರುತ್ತದೆ, ಬೋರ್ಡಿನಲ್ಲೊಂದು ಹೆಸರು, ಜನರ ಬಾಯಲ್ಲೊಂದು ಹೆಸರು. ಹೂವಿನವರನ್ನು ಕೇಳಿ, ದೇವಸ್ಥಾನದ ಮುಂದೆ ಹರಟೆ ಹೊಡೆಯುವ ಅಜ್ಜಿಯರನ್ನು ಕೇಳಿ. 'ಮನೆಗೆ ಚಕ್ಕುಲಿ ಎಲ್ಲಿಂದ ತರ್ತೀರಿ' ಅಂತ ಕೇಳಿದರೆ ಸಾಕು, ಇಬ್ಬರು ಅಜ್ಜಿಯರು ಜಗಳ ಆಡಿಕೊಂಡು ಎರಡು ವಿಳಾಸ ಕೊಡುತ್ತಾರೆ.

ಅಂಗಡಿಗೆ ಹೋದ ಮೇಲೆ ಮೊದಲು ಒಂದೇ ಒಂದು ಕೋಡುಬಳೆ ತಗೊಳ್ಳಿ. ಟಕ್ ಅಂತ ಮುರಿಯಬೇಕು. ಮೂಗಿನ ಹತ್ತಿರ ಹಿಡಿದರೆ ಕೊಬ್ಬರಿ, ಇಂಗು ಬರಬೇಕು, ಹಳೇ ಎಣ್ಣೆಯ ಕಮಟು ಬರಬಾರದು. ಕಮಟು ಬಂತಾ, ಅಲ್ಲಿನ ಸಂಡಿಗೆ, ಹಪ್ಪಳ, ಗೊಜ್ಜಿನ ಕಡೆ ಕಣ್ಣೂ ಹಾಯಿಸಬೇಡಿ. ಇನ್ನು ಬಿಡಿ ಸಿಹಿತಿಂಡಿ ಮಾರುವ ಕಡೆ ಟ್ರೇ ಮುಂದೆ ಎಷ್ಟು ದಿನದೊಳಗೆ ತಿನ್ನಬೇಕು ಅಂತ ದಿನಾಂಕ ಹಾಕಬೇಕು ಅನ್ನೋ ನಿಯಮ 2020ರ ಅಕ್ಟೋಬರ್ 1ರಿಂದಲೇ ಇದೆ. ಎಷ್ಟು ಕಡೆ ಹಾಕಿರುತ್ತಾರೆ, ನೀವೇ ನೋಡಿ. ಕೇಳಿದರೆ ನಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ಆದರೂ ಕೇಳಿ.

ಕಾಫಿಪುಡಿ ಅಂಗಡಿಗೂ ಇದೇ ಮಾತು. ಕಣ್ಣೆದುರು ಹುರಿದ ಬೀಜ ಪುಡಿ ಮಾಡಿ, ಚಿಕೋರಿ ಎಷ್ಟು ಹಾಕಲಿ ಅಂತ ಅವರೇ ಕೇಳುವ ಅಂಗಡಿ ಸಿಕ್ಕರೆ ಬಿಡಬೇಡಿ. ಕಾಲು ಕೇಜಿ ಮಾತ್ರ ತಗೊಳ್ಳಿ, ಜಾಸ್ತಿ ತಂದಿಟ್ಟರೆ ಘಮ ಹೋಗುತ್ತದೆ.

ಅಂದಹಾಗೆ, ಕಾಮೆಂಟಿನಲ್ಲಿ ಸುಮ್ನೆ 'ನಮ್ಮ ಏರಿಯಾದ್ದು ಸೂಪರ್' ಅಂತ ಬರೆದು ಹೋಗಬೇಡಿ. ಯಾವ ರಸ್ತೆ, ಒಲೆ ಅಲ್ಲೇ ಇದೆಯಾ, ಟ್ರೇ ಎಷ್ಟು ಗಂಟೆಗೆ ಬರುತ್ತದೆ, ಇಷ್ಟು ಬರೆಯಿರಿ. ಮುಖ್ಯವಾಗಿ ಯಲಹಂಕ, ಕೆಂಗೇರಿ ಕಡೆಯವರು. ಬಸವನಗುಡಿಯವರು ಸ್ವಲ್ಪ ತಡೆದುಕೊಳ್ಳಿ, ನಿಮ್ಮದು ಎಲ್ಲರಿಗೂ ಗೊತ್ತು.